ಕಟ್ಟುಮಾತು, ಬಿಚ್ಚುಮಾತು

ನನಗೆ ಚಿಕ್ಕಂದಿನಿಂದಲೂ ಉಗ್ಗು. ನನ್ನ ಬೆನ್ನಿಗೆ ಹುಟ್ಟಿದ ತಂಗಿಗೆ ಅದು ಇರಲಿಲ್ಲ. ಇಲ್ಲದಿದ್ದರೆ ಹೋಗಲಿ, ಅವಳ ದನಿಯಾದರೂ ಸಾಧಾರಣವಾಗಿದ್ದಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆನೇನೋ. ಚಳ್ಳಕೆರೆಯ ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ನಿಂತು ಅವಳು “ಅಪ್ಪಾ” ಎಂದರೆ, ಆಚೆ ಬದಿಯ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದ ನಮ್ಮಪ್ಪನ ಜೊತೆಗೆ ಇನ್ನೂ ನಾಲ್ಕಾರು ಅಪ್ಪಂದಿರು ತಿರುಗಿ ನೋಡುತ್ತಿದ್ದರು.

ನಮ್ಮಪ್ಪ ಆಗ ಒಂದು ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಗುಮಾಸ್ತ. ಅವ್ವ ಮೊಳಕಾಲ್ಮೂರಿನ ನೇಕಾರರ ಮನೆಯ ಮಗಳು. ನನ್ನನ್ನು ಅಂಗಡಿಗೆ ಕಳಿಸಿದರೆ ಅವ್ವನಿಗೆ ಪಜೀತಿ. ಕ, ಪ, ತ ಎಂಬ ಅಕ್ಷರಗಳು ನನ್ನ ಬಾಯಲ್ಲಿ ಬಾಗಿಲಿಗೆ ಅಡ್ಡ ಹಾಕಿದ ಅಗುಳಿಯ ಹಾಗೆ ಕೂತುಬಿಡುತ್ತಿದ್ದವು. ಕಡ್ಲೆಬೇಳೆ ತಾ ಎಂದರೆ ಹೆಸರುಬೇಳೆ ತರುತ್ತಿದ್ದೆ, ಯಾಕೆಂದರೆ ಅದು ಬಾಯಿಂದ ಸಲೀಸಾಗಿ ಹೊರಗೆ ಬೀಳುತ್ತಿತ್ತು. ಅವ್ವ ಬೈದು, ಇನ್ನೊಂದು ಸಲ ತಂಗಿಯನ್ನು ಜೊತೆಗೆ ಕಳಿಸುತ್ತಿದ್ದಳು. ನಾನು ಅಂಗಡಿಯವನ ಮುಂದೆ ನಿಂತು “ಕ… ಕ…” ಎನ್ನುವಷ್ಟರಲ್ಲಿ ಅವಳು ನನ್ನ ಮಾತನ್ನು ಮುಗಿಸಿ, ಚೀಲವನ್ನೂ ಹಿಡಿದುಕೊಂಡು, ಕೊಸರಿಗೆ ಒಂದು ಚೂರು ಬೆಲ್ಲವನ್ನೂ ಕೇಳಿ ಬಾಯಿಗೆ ಹಾಕಿಕೊಂಡಿರುತ್ತಿದ್ದಳು.

ಒಂದು ಮಾತು ಮಾತ್ರ ನಮ್ಮ ಮನೆಯಲ್ಲಿ ತಂಗಿಯೊಬ್ಬಳಿಗೇ ಗೊತ್ತಿತ್ತು. ಪಿಸುಗುಟ್ಟಿದರೆ ನನಗೆ ಉಗ್ಗು ಬರುತ್ತಿರಲಿಲ್ಲ. ಅವಳ ಕಿವಿಗೆ ಬಾಯಿಟ್ಟರೆ ಯಾವ ಅಕ್ಷರವೂ ಸಿಕ್ಕಿಕೊಳ್ಳದೆ ಹರಿಯುತ್ತಿತ್ತು. ಹಾಗಾಗಿ ನನಗೆ ಹೊಳೆದ ಕತೆ, ಒಗಟು, ನೆರೆಹೊರೆಯವರಿಗೆ ನಾನಿಟ್ಟ ಅಡ್ಡಹೆಸರುಗಳೆಲ್ಲ ಅವಳ ಕಿವಿಯೊಳಗೆ ಹೋಗಿ, ಅವಳ ಬಾಯಿಂದ ಊರಿಗೆ ಬರುತ್ತಿದ್ದವು. ಜನ ನಗುತ್ತಿದ್ದರು. ನಗಿಸಿದವಳು ಅವಳು.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ಬೇಸಿಗೆಗೆ ನಾವಿಬ್ಬರೂ ಮೊಳಕಾಲ್ಮೂರಿನ ಅಜ್ಜಿಯ ಮನೆಗೆ ಹೋದೆವು. ನಡುಮನೆಯಲ್ಲೇ ಗುಂಡಿ ಮಗ್ಗ. ಸೋದರಮಾವ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ಬೆಳಗಿನಿಂದ ರೇಷ್ಮೆ ಸೀರೆ ನೇಯುತ್ತಿದ್ದ. ಅಜ್ಜಿ ಮೂಲೆಯಲ್ಲಿ ರಾಟೆ ತಿರುಗಿಸುತ್ತ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಮಗ್ಗ, ರಾಟೆಗಳ ಸದ್ದಿನಲ್ಲಿ ನಾನು ಉಗ್ಗಿದರೂ ಯಾರಿಗೂ ಕೇಳುತ್ತಿರಲಿಲ್ಲವಾದ್ದರಿಂದ ನನಗೆ ಆ ಮನೆ ಇಷ್ಟ.

ಅಜ್ಜಿಗೆ ರಾಂಪುರದ ಕಡೆಯ ದಾರಿಯಲ್ಲಿ ಒಂದು ತುಂಡು ಹೊಲವಿತ್ತು. ಗೊಬ್ಬರಕ್ಕೆಂದು ಆ ವರ್ಷ ಅಲ್ಲಿ ಕುರಿಮಂದೆ ನಿಲ್ಲಿಸಿದ್ದರು. ಕುರಿಯವನಿಗೆ ಬುತ್ತಿ ಕೊಡಲು ಅಜ್ಜಿ ನಮ್ಮಿಬ್ಬರನ್ನು ಕಳಿಸಿದಳು. ಬಿಳಿ ಮೀಸೆಯ ಮುದುಕ, ಹೆಗಲ ಮೇಲೆ ಕಂಬಳಿ. ತಂಗಿ ಅವನನ್ನು ಸುಮ್ಮನೆ ಉಣ್ಣಲು ಬಿಡಲಿಲ್ಲ. ತೋಳ ಬಂದರೆ ಏನು ಮಾಡುತ್ತೀಯ ಎಂದು ಕೇಳಿದಳು.

“ಬರಲ್ಲವ್ವ. ಅದರ ಬಾಯಿ ಕಟ್ಟೀನಿ,” ಎಂದ.

“ಹಗ್ಗದಾಗಾ?”

“ಮಾತಿನಾಗ.”

ಹೊತ್ತು ಮುಳುಗುವಾಗ ನಾಲ್ಕು ದಿಕ್ಕಿಗೂ ತಿರುಗಿ ಒಂದು ಮಾತು ಆಡಬೇಕಂತೆ. ಅದನ್ನು ಅವನ ಅಪ್ಪ ಬಾಯಿಂದ ಬಾಯಿಗೆ ಕೊಟ್ಟಿದ್ದು. ಬರೆದರೆ ಸತ್ತುಹೋಗುತ್ತದಂತೆ. ಬೆಳಗ್ಗೆ ಎದ್ದು ಇನ್ನೊಂದು ಮಾತಿನಿಂದ ಬಿಚ್ಚಲೇಬೇಕು. “ಬಿಚ್ಚಲಿಲ್ಲಾಂದ್ರೆ ಅದು ಉಪಾಸ ಸಾಯ್ತೈತೆ. ಆ ಪಾಪ ನಮಗೆ ತಗಲ್ತೈತೆ,” ಎಂದು ಹೇಳಿ ಮುದುಕ ಕೈ ತೊಳೆದುಕೊಂಡ.

ತಂಗಿಗೆ ಅದು ಒಂದು ಕತೆ. ದಾರಿಯಲ್ಲೇ ಮರೆತು ಕಾರೆಹಣ್ಣು ಹುಡುಕತೊಡಗಿದಳು. ನಾನು ಮಾತ್ರ ಅದನ್ನು ಮರೆಯಲಿಲ್ಲ. ನಾನು ಹುಟ್ಟಿದ ಸಂಜೆ ಯಾರೋ ನನ್ನ ಬಾಯಿ ಕಟ್ಟಿ, ಬೆಳಗ್ಗೆ ಬಿಚ್ಚುವುದನ್ನು ಮರೆತಿದ್ದಾರೆ ಎಂದು ನಾನು ಅವತ್ತು ಖಚಿತವಾಗಿ ನಂಬಿದೆ. ಬಿಚ್ಚುವ ಮಾತು ಎಲ್ಲೋ ಇದೆ. ಮುದುಕ ಕೊಡುವುದಿಲ್ಲ. ನಾನೇ ಮಾಡಿಕೊಳ್ಳಬೇಕು.

ಹೀಗೆ ಶುರುವಾಯಿತು ನಮ್ಮ ಆಟ. ಆಟ ಎಂದು ತಂಗಿ ಅನ್ನುತ್ತಿದ್ದಳು, ನಾನು ಯಾವತ್ತೂ ಹಾಗೆ ಅನ್ನಲಿಲ್ಲ. ಮಾತುಗಳಲ್ಲಿ ಎರಡು ಜಾತಿ ಮಾಡಿದೆ: ಕಟ್ಟುಮಾತು ಮತ್ತು ಬಿಚ್ಚುಮಾತು. ಒಂದೊಂದು ಕೆಲಸಕ್ಕೆ ಒಂದೊಂದು ಮಾತು, ಯಾವುದಕ್ಕೂ ಅರ್ಥ ಇರಕೂಡದು, ಅರ್ಥವಿದ್ದರೆ ಅದು ಅಂಗಡಿಯ ಮಾತಾಗಿಬಿಡುತ್ತದೆ. ನನ್ನ ನಾಲಿಗೆಗೆ ಹೆದರಿ, ಸ್ವರದಿಂದ ಶುರುವಾಗಿ ಲ, ಮ, ರ ಎಂದು ಜಾರಿಹೋಗುವ ಮಾತುಗಳನ್ನೇ ಕಟ್ಟಿದೆ. ನಾಯಿ ಬೊಗಳುವುದನ್ನು ನಿಲ್ಲಿಸಲು “ಒರುಮಲ್ಲಿ.” ಸಿಟ್ಟು ಬಿಚ್ಚಲು “ಅಲಿಯೋಲಿ.” ಹೋದ ಕರೆಂಟು ಬರಲು “ಇಲಿಮಿರಿ ಲಾ.” ಒಂದೇ ಉಸಿರಿನಲ್ಲಿ, ಎಲ್ಲರಿಗೂ ಕೇಳುವಂತೆ, ಎಲ್ಲಿಯೂ ತಡವರಿಸದೆ ಹೇಳಬೇಕು. ತಡವರಿಸಿದರೆ ಮಾತು ಅಲ್ಲೇ ಒಡೆಯುತ್ತದೆ. ಈ ಕೊನೆಯ ನಿಯಮವನ್ನೂ ನಾನೇ ಮಾಡಿದೆ. ಬೇರೆ ಯಾರೂ ನನಗೆ ಹೇಳಿಕೊಡಲಿಲ್ಲ. ಶಕ್ತಿ ಅಂದರೆ ಇಡಿಯಾಗಿ ಹೊರಬರುವ ಮಾತು ಎಂದೇ ನನಗೆ ಆಗ ಗೊತ್ತಿದ್ದದ್ದು.

ಹಿತ್ತಲಲ್ಲಿ ನಿಂತು ಪ್ರಯತ್ನಿಸಿದೆ. “ಒ… ಒ… ಒರು…” ಪಕ್ಕದ ಮನೆಯ ನಾಯಿ ಬೊಗಳುವುದನ್ನು ಬಿಟ್ಟು ಬಾಲ ಅಲ್ಲಾಡಿಸುತ್ತ ನನ್ನ ಹತ್ತಿರ ಬಂತು. ಅದಕ್ಕೆ ನಾನು ಕರೆಯುತ್ತಿದ್ದೇನೆ ಅನ್ನಿಸಿರಬೇಕು. ಹಾಗಾಗಿ ಬೇರೆ ದಾರಿಯಿಲ್ಲದೆ ಆ ಮಾತನ್ನು ತಂಗಿಯ ಕಿವಿಗೆ ಹಾಕಿದೆ. ಅವಳು ಸೊಂಟದ ಮೇಲೆ ಕೈಯಿಟ್ಟು “ಒರುಮಲ್ಲಿ” ಎಂದಳು. ನಾಯಿ ಕುಂಡೆ ಊರಿ ಕೂತುಕೊಂಡು, ಬಾಯಿ ಮುಚ್ಚಿ ಅವಳ ಮುಖವನ್ನೇ ನೋಡತೊಡಗಿತು.

ನನಗೆ ಮೊದಲು ಸಂತೋಷವೇ ಆಯಿತು. ನನ್ನ ಮಾತಲ್ಲವೇ. ಹೊಟ್ಟೆಯುರಿ ಶುರುವಾದದ್ದು ಆಮೇಲೆ, ಬೀದಿಯ ಹುಡುಗರು ಬಂದು ನೋಡಿ, ಇನ್ನೊಂದು ಸಲ ಹೇಳು ಎಂದು ಅವಳ ಲಂಗ ಹಿಡಿದು ಎಳೆದಾಗ.

ಆ ಮನೆಯಲ್ಲಿ ಅಜ್ಜಿ ಮತ್ತು ಅತ್ತೆ ಮಾತು ಬಿಟ್ಟಿದ್ದರು. ಅತ್ತೆ, ಅಂದರೆ ಮಾವನ ಹೆಂಡತಿ, ಗಡಿಯಾಚೆಯ ಆಂಧ್ರದ ಹಳ್ಳಿಯವಳು. ಯುಗಾದಿಗೆ ಅವಳ ತವರಿನವರು ಬಂದಾಗ ಅಜ್ಜಿ ಅವರ ಎದುರಿಗೇ, ನಿಮ್ಮ ಮಗಳಿಗೆ ನಾಲ್ಕು ಮಾತು ಕನ್ನಡ ಕಲಿಸುವಷ್ಟರಲ್ಲಿ ಸಾಕಾಯಿತು ಎಂದಿದ್ದಳಂತೆ. ಅತ್ತೆ ಅವತ್ತಿನಿಂದ ಕಲಿತ ಆ ನಾಲ್ಕು ಮಾತನ್ನೂ ಅಜ್ಜಿಯ ಹತ್ತಿರ ಆಡುವುದನ್ನು ನಿಲ್ಲಿಸಿದ್ದಳು. ಒಂದೇ ಒಲೆಯ ಮುಂದೆ ಇಬ್ಬರೂ ಕೂತಿದ್ದರೂ, ಉಪ್ಪು ಸಾಕೇ ಎಂದು ಕೇಳಲು ಒಂದು ಮಗು ನಡುವೆ ಬೇಕಿತ್ತು. ಆ ಕೆಲಸಕ್ಕೂ ತಂಗಿಯನ್ನೇ ಕರೆಯುತ್ತಿದ್ದರು. ನಾನು ಹೇಳಿ ಮುಗಿಸುವಷ್ಟರಲ್ಲಿ ಸಾರು ಕುದಿದುಹೋಗುತ್ತಿತ್ತು.

ಇವರ ಮೇಲೆ ಅಲಿಯೋಲಿ ಹಾಕೋಣ ಎಂದು ಯೋಚಿಸಿದ್ದು ನಾನು. ಯಾವಾಗ, ಎಲ್ಲಿ ನಿಂತು, ಯಾರ ಕಡೆ ಮುಖ ಮಾಡಿ ಎಂಬುದನ್ನೆಲ್ಲ ಪಿಸುಗುಟ್ಟಿದವಳೂ ನಾನು. ಮಾವ ಊಟಕ್ಕೆಂದು ಮಗ್ಗ ನಿಲ್ಲಿಸಿದಾಗ ಮನೆ ನಿಶ್ಶಬ್ದವಾಯಿತು. ತಂಗಿ ನಡುಬಾಗಿಲಲ್ಲಿ ನಿಂತು, ಅಡುಗೆಮನೆಗೂ ರಾಟೆಯ ಮೂಲೆಗೂ ಕೇಳುವಂತೆ “ಅಲಿಯೋಲಿ” ಎಂದಳು. ಅಜ್ಜಿ, ಇದೇನೇ ಹುಚ್ಚುಕೂಸು, ಎಂದು ನಕ್ಕಳು. ಅಷ್ಟೇ. ಏನೂ ಆಗಲಿಲ್ಲ. ನನ್ನ ಮನಸ್ಸಿಗೆ ಒಂಥರಾ ತಂಪಾಯಿತು ಅಂದರೆ ಸುಳ್ಳಲ್ಲ.

ಮಧ್ಯಾಹ್ನ ಅಜ್ಜಿ ಮತ್ತೆ ರಾಟೆಯ ಮುಂದೆ ಕೂತಿದ್ದಳು. ಅತ್ತೆ ನೀರಿನ ಬಿಂದಿಗೆ ಇಳಿಸಿ ತಿರುಗಿದವಳು ಇದ್ದಕ್ಕಿದ್ದಂತೆ ತೆಲುಗಿನಲ್ಲಿ “ಅತ್ತಾ, ತೇಲು! ಕಾಲು ತಿಯ್ಯಿ!” ಎಂದು ಕೂಗಿದಳು. ಅಜ್ಜಿಯ ಸೀರೆಯ ಅಂಚಿನ ಹತ್ತಿರ ಕರೀ ಚೇಳು. ಅಜ್ಜಿ ಕಾಲು ಎಳೆದುಕೊಂಡಳು, ಅತ್ತೆ ಚಪ್ಪಲಿಯಿಂದ ಹೊಡೆದಳು. ಅಜ್ಜಿ ಎದೆಯ ಮೇಲೆ ಕೈಯಿಟ್ಟುಕೊಂಡು, “ನೀನಿಲ್ದಿದ್ರೆ ನಾನು ಹೋಗಿದ್ದೆ ಕಣೆ,” ಎಂದಳು. ಅತ್ತೆ ಅಲ್ಲೇ ಕೂತು ಅಳತೊಡಗಿದಳು. ಅಳುತ್ತಲೇ ಯುಗಾದಿಯ ದಿನದ್ದೆಲ್ಲವನ್ನೂ ಅರ್ಧ ಕನ್ನಡದಲ್ಲಿ, ಅರ್ಧ ತೆಲುಗಿನಲ್ಲಿ ಹೊರಗೆ ಹಾಕಿದಳು. ಅಜ್ಜಿ ಕೇಳಿಸಿಕೊಂಡಳು. ಸಂಜೆಗೆ ಇಬ್ಬರೂ ಸೇರಿ ಹೋಳಿಗೆಗೆ ಹೂರಣ ರುಬ್ಬಿದರು.

ಮಾವನಿಗೆ ಮಧ್ಯಾಹ್ನದ ಮಾತು ನೆನಪಿತ್ತು. ಅದೇನೋ ಅಂದೆಯಲ್ಲ, ಏನದು ಎಂದು ತಂಗಿಯನ್ನು ಕೇಳಿದ. ಅವಳು ಹೇಳಿದಳು. ಅಜ್ಜಿ ಅವಳ ಗಲ್ಲ ಹಿಡಿದು, “ಈ ಕೂಸಿನ ಬಾಯಾಗೆ ಏನೋ ಐತೆ ನೋಡ್ರಿ,” ಎಂದು ಎಲ್ಲರಿಗೂ ತೋರಿಸಿದಳು. ಮೊದಲ ಹೋಳಿಗೆ ಅವಳ ಎಲೆಗೆ ಬಿತ್ತು.

ಅದು ನನ್ನ ಮಾತು ಎಂದು ಹೇಳಲು ನಾನು ಬಾಯಿ ತೆರೆದೆ. “ಅದು ನ… ನ… ನ…” ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ತಂಗಿ ಎಂದಿನಂತೆ ನನಗೆ ಸಹಾಯ ಮಾಡಿದಳು. “ನನಗೂ ಒಂದು ಹೋಳಿಗೆ ಅಂತಾಳೆ ಅಕ್ಕ,” ಎಂದಳು. ಅಜ್ಜಿ ಅಯ್ಯೋ ಎಂದು ನನಗೂ ಒಂದು ಹಾಕಿದಳು. ತಂಗಿ ಬೇಕೆಂದು ಹಾಗೆ ಮಾಡಲಿಲ್ಲ. ಅದಕ್ಕೇ ನನಗೆ ಇನ್ನೂ ಹೆಚ್ಚು ಉರಿಯಿತು. ಬೇಕೆಂದು ಮಾಡಿದ್ದರೆ ಜುಟ್ಟು ಹಿಡಿದು ಜಗಳವಾಡಬಹುದಿತ್ತು.

ಅಂದಿನಿಂದ ನನ್ನ ಹೊಟ್ಟೆಕಿಚ್ಚೇ ನಿಯಮಗಳನ್ನು ಮಾಡತೊಡಗಿತು. ಮಾತು ಆಡುವ ದಿನ ಸಿಹಿ ತಿನ್ನಕೂಡದು ಎಂದು ಅವಳ ಕಿವಿಯಲ್ಲಿ ಹೇಳಿದೆ. ಅವಳಿಗೆ ಬೆಲ್ಲ ಎಂದರೆ ಪ್ರಾಣ. ಅವಳು ತಿನ್ನಲಿಲ್ಲ. ಹೊತ್ತು ಮೂಡಿದ ಮೇಲೆ ನಗಕೂಡದು ಎಂದೆ. ತುಟಿ ಕಚ್ಚಿಕೊಂಡು ಓಡಾಡಿದಳು. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಹೇಳಬೇಕು ಎಂದೆ. ನಿಂತಳು. ಒಂದು ಮಾತು ಹೊರಗೆ ಬಿಟ್ಟರೆ ಇನ್ನೊಂದು ಮಾತನ್ನು ನುಂಗಬೇಕು, ತುಂಬ ಹೇಳಬೇಕೆನಿಸಿದ್ದನ್ನು ಯಾರಿಗೂ ಹೇಳದೆ ನುಂಗಬೇಕು ಎಂದೆ. ಇದಕ್ಕೆ ಸೋಲುತ್ತಾಳೆ ಎಂದುಕೊಂಡಿದ್ದೆ. ಅವಳು ಸಂಜೆ ಜಗಲಿಯ ಮೇಲೆ ಕೂತು ಬಾಯಿ ಬಿಗಿಹಿಡಿದು, ಕಣ್ಣಲ್ಲಿ ನೀರು ತಂದುಕೊಂಡು, ಏನನ್ನೋ ನುಂಗಿದಳು. ಏನೆಂದು ನಾನು ಕೇಳಲಿಲ್ಲ.

ನನ್ನ ಲೆಕ್ಕ ತಲೆಕೆಳಗಾಯಿತು. ನಿಯಮ ಹೆಚ್ಚಿದಷ್ಟೂ ಅವಳ ಬೆಲೆ ಹೆಚ್ಚಿತು. ಬೆಲ್ಲ ಬಿಟ್ಟ ಕೂಸು, ನಗದ ಕೂಸು, ಸುಡುವ ಕಲ್ಲಿನ ಮೇಲೆ ನಿಲ್ಲುವ ಕೂಸು ಎಂದು ನೇಕಾರರ ಬೀದಿಯ ಹೆಂಗಸರು ಮಾತಾಡಿಕೊಂಡರು. ಹುಡುಗರು ಗೋಲಿ ಸೋತಾಗ ಬಂದರು. ಹೆಣ್ಣುಮಕ್ಕಳು ಹಲ್ಲುನೋವಿಗೆ ಬಂದರು. ಕರೆಂಟು ಹೋದರೆ ಮಾವನೇ ಮಗ್ಗದಿಂದ ಕೂಗಿ ಅವಳನ್ನು ಕರೆಯುತ್ತಿದ್ದ. ಅವಳು ಇಲಿಮಿರಿ ಲಾ ಎನ್ನುತ್ತಿದ್ದಳು. ಕರೆಂಟು ತನಗೆ ಬೇಕಾದಾಗಲೇ ಬರುತ್ತಿದ್ದರೂ, ಬಂದಾಗ ಎಲ್ಲರೂ ಅವಳ ಕಡೆಗೇ ನೋಡುತ್ತಿದ್ದರು.

ಕೊನೆಗೆ ನಾನು ಹೊಸ ಮಾತು ಕೊಡುವುದನ್ನೇ ನಿಲ್ಲಿಸಿದೆ. ಅವಳು ಕಿವಿ ತಂದು ನನ್ನ ಬಾಯಿಗಿಟ್ಟು ಕಾಯುತ್ತಿದ್ದಳು. ನಾನು ತುಟಿ ಬಿಚ್ಚುತ್ತಿರಲಿಲ್ಲ. ಕಾದು ಕಾದು ಬೇಸತ್ತು ಅವಳೇ ಮಾತು ಮಾಡಿಕೊಳ್ಳತೊಡಗಿದಳು. ಎಂಥ ಮಾತುಗಳು! “ಡುಬುಡುಕ್ಕಿ,” “ಪಿಟಿಪಿಟಿ ಪೀ.” ಅಂದವಿಲ್ಲ, ಕಟ್ಟುಮಾತಿಗೂ ಬಿಚ್ಚುಮಾತಿಗೂ ವ್ಯತ್ಯಾಸವಿಲ್ಲ. ಅವೂ ಕೆಲಸ ಮಾಡಿದವು. ಪಕ್ಕದ ಮನೆಯ ಕಳೆದುಹೋದ ಕರು ಡುಬುಡುಕ್ಕಿಗೆ ಸಂಜೆಯೊಳಗೆ ಮನೆ ಸೇರಿತು. ಅವತ್ತು ನಾನು ಅನ್ನ ಮುಟ್ಟಲಿಲ್ಲ. ಜ್ವರ ಬಂದಿದೆಯೇನೋ ಎಂದು ಅತ್ತೆ ಹಣೆ ಮುಟ್ಟಿ ನೋಡಿದಳು.

ರಜೆ ಮುಗಿಯಲು ಬಂದಾಗ ನಮ್ಮನ್ನು ಕರೆದುಕೊಂಡು ಹೋಗಲು ಅವ್ವ ಬಂದಳು. ಅದೇ ದಿನ ಬಿ.ಜಿ. ಕೆರೆಯಿಂದ ಒಬ್ಬ ಹೆಂಗಸು ತನ್ನ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಂದಿದ್ದಳು. ಮಗು ಹೋರಿಯೊಂದಕ್ಕೆ ಹೆದರಿತ್ತಂತೆ. ಅವತ್ತಿನಿಂದ ಯಾರು ಮುಟ್ಟಿದರೂ ಕಿರುಚುವುದು, ಉಣ್ಣುವುದಿಲ್ಲ, ಮಲಗುವುದಿಲ್ಲ. ಇಲ್ಲೊಂದು ಕೂಸಿನ ಬಾಯಿ ಒಳ್ಳೆಯದು ಎಂದು ಯಾರೋ ಹೇಳಿದ್ದರು.

ತಂಗಿ ಗಾಬರಿಯಾದಳು. ಇಷ್ಟು ದಿನ ಗೋಲಿ, ಕರು, ಕರೆಂಟು. ಈಗ ಒಂದು ಮಗು. ಅವಳು ನನ್ನನ್ನು ಮೂಲೆಗೆ ಎಳೆದು, “ಒಂದು ಮಾತು ಕೊಡೇ ಅಕ್ಕ. ನನ್ನ ಮಾತು ಚೆನ್ನಾಗಿಲ್ಲ. ನಿನ್ನದು ಕೊಡೇ,” ಎಂದು ಬೇಡಿಕೊಂಡಳು. ಮಗು ಕಿರುಚುತ್ತಲೇ ಇತ್ತು. ಅವಳ ಕಿವಿಗೆ ಬಾಯಿಟ್ಟೆ. ನನ್ನಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯ ಮಾತನ್ನು ಕೊಟ್ಟೆ. ಅದು ನನ್ನ ಬಾಯಿಗೇ ಎಂದು ನಾನು ಎತ್ತಿಟ್ಟುಕೊಂಡಿದ್ದ ಬಿಚ್ಚುಮಾತು. ಅವಳನ್ನು ಬಿಟ್ಟರೆ ಅದನ್ನು ಇವತ್ತಿಗೂ ಯಾರಿಗೂ ಹೇಳಿಲ್ಲ, ಇಲ್ಲೂ ಬರೆಯುವುದಿಲ್ಲ.

ತಂಗಿ ಮಗುವಿನ ಮುಂದೆ ಹೋಗಿ ಕುಕ್ಕರುಗಾಲಲ್ಲಿ ಕೂತಳು. ಹೇಳಬೇಕಾದ ಮಾತು ಹೆದರಿಕೆಯಲ್ಲಿ ಮರೆತುಹೋಯಿತೋ, ಅಥವಾ ಮಗುವಿನ ಮುಖ ನೋಡಿ ಬೇಡವೆನಿಸಿತೋ ಗೊತ್ತಿಲ್ಲ. ಅವಳು ಮೆಲ್ಲಗೆ, “ಯಾಕಪ್ಪ, ಏನಾತು? ಹೋರಿ ಬಂತಾ? ಎಷ್ಟು ದೊಡ್ಡದಿತ್ತು?” ಎಂದಳು. ಮಗು ಬಿಕ್ಕುತ್ತ ಅವಳ ಬಾಯಿಯನ್ನೇ ನೋಡಿತು. ಅವಳು ಕೇಳುತ್ತಲೇ ಇದ್ದಳು, ಕೋಡು ಎಷ್ಟಿತ್ತು, ಬಾಲ ಎಷ್ಟಿತ್ತು ಎಂದು. ಸ್ವಲ್ಪ ಹೊತ್ತಿಗೆ ಮಗು ಎರಡೂ ಕೈ ಚಾಚಿ ತೋರಿಸಿತು. ಆಮೇಲೆ ಅವಳ ಹೆಗಲಿಗೆ ತಲೆಯಿಟ್ಟು ಮಲಗಿಬಿಟ್ಟಿತು.

ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಅವಳು ನನ್ನ ಮಾತು ಆಡಿರಲಿಲ್ಲ. ಅವಳ ಡುಬುಡುಕ್ಕಿಯನ್ನೂ ಆಡಿರಲಿಲ್ಲ. ನಾನು ಕಟ್ಟಿದ ಜಾತಿ, ನಿಯಮ, ಉಸಿರಿನ ಲೆಕ್ಕ ಯಾವುದೂ ಅಲ್ಲಿ ಬೇಕಾಗಿರಲಿಲ್ಲ. ಎಲ್ಲರೂ ಆಡುವ, ಅರ್ಥವಿರುವ, ಅಂಗಡಿಯ ಮಾತೇ ಸಾಕಾಗಿತ್ತು. ಅದು ಅವಳ ದನಿಯಲ್ಲಿ ಬಂದರೆ ಸಾಕಿತ್ತು. ಅಷ್ಟು ದಿನ ನನ್ನದನ್ನು ಅವಳು ಕಸಿದುಕೊಂಡಳು ಎಂಬ ಸಿಟ್ಟಾದರೂ ನನಗಿತ್ತು. ಅವತ್ತು ಅದೂ ಹೋಯಿತು. ನನ್ನದು ಎನ್ನುವುದು ಏನೂ ಅಲ್ಲಿರಲಿಲ್ಲ.

ಅವ್ವ ಇದನ್ನು ನೋಡಿ ಹೆದರಿದಳು. ಹೆಂಗಸು ಹೋದ ಮೇಲೆ ತಂಗಿಯ ಬೆನ್ನಿಗೆ ಎರಡು ಬಿಟ್ಟಳು. ನಾಳೆ ಯಾರದ್ದಾದರೂ ಮಗುವಿಗೆ ಹೆಚ್ಚುಕಡಿಮೆಯಾದರೆ ಊರವರು ಸುಮ್ಮನಿರುತ್ತಾರಾ, ಯಾರು ಕಲಿಸಿದರು ನಿನಗೆ ಇದನ್ನು ಎಂದು ಕೇಳಿದಳು. ತಂಗಿ ಬಾಯಿ ಬಿಡಲಿಲ್ಲ. ನಾನು “ನಾ… ನಾ…” ಎಂದು ಮುಂದೆ ಹೋದೆ. ಅವ್ವ ನನ್ನನ್ನು ಪಕ್ಕಕ್ಕೆ ಸರಿಸಿ, “ನೀನು ಸುಮ್ನಿರು ತಾಯಿ, ನಿನಗೇನು ಗೊತ್ತು ಪಾಪ,” ಎಂದಳು. ಬೈಗುಳವೂ ಅವಳಿಗೇ ಸಿಕ್ಕಿತು.

ಚಳ್ಳಕೆರೆಗೆ ಬಂದ ಮೇಲೆ ಆಟ ನಿಂತುಹೋಯಿತು. ಆದರೆ ಅವಳ ದನಿ ನಿಲ್ಲಲಿಲ್ಲ. ಶಾಲೆಯ ಪ್ರಾರ್ಥನೆ, ಕಾಲೇಜಿನ ಚರ್ಚಾಸ್ಪರ್ಧೆ, ಯಾರದೋ ಬೀಳ್ಕೊಡುಗೆ, ಮೈಕು ಎಲ್ಲಿತ್ತೋ ಅಲ್ಲಿ ಅವಳಿದ್ದಳು. ಮಿಲ್ಲು ಮುಚ್ಚಿದ ಮೇಲೆ ಅಪ್ಪ ಬಸ್‌ಸ್ಟ್ಯಾಂಡಿನ ಹತ್ತಿರ ಎಸ್‌ಟಿಡಿ ಬೂತು ಇಟ್ಟ. ಡಿಗ್ರಿ ಮುಗಿಸಿದ ನಾನು ಅಲ್ಲಿ ಕೂರುತ್ತಿದ್ದೆ. ಬಂದವರು ನಂಬರು ತೋರಿಸುತ್ತಿದ್ದರು, ಮೀಟರು ನೋಡಿ ಚೀಟಿ ಕೊಟ್ಟರೆ ಮುಗಿಯಿತು, ಮಾತೇ ಬೇಡದ ಕೆಲಸ. ಗಾಜಿನ ಬಾಗಿಲಿನ ಆಚೆ ಜನ ಗಂಟೆಗಟ್ಟಲೆ ಮಾತಾಡುವುದನ್ನು ನೋಡುತ್ತ ಕೂರುತ್ತಿದ್ದೆ.

ಎರಡು ಸಾವಿರದ ನಂತರದ ವರ್ಷಗಳಲ್ಲಿ ಊರಿನ ಕೇಬಲ್ಲಿನವರು ಸಂಜೆ ಸ್ಥಳೀಯ ಸುದ್ದಿ ಶುರುಮಾಡಿದರು. ಓದುವುದಕ್ಕೆ ತಂಗಿಯನ್ನು ಕರೆದರು. ಮಾರ್ಕೆಟ್ಟಿನಲ್ಲಿ ತರಕಾರಿಯವರು ನನ್ನನ್ನು ನೋಡಿ, ಟೀವಿಯಲ್ಲಿ ಬರುವ ಹುಡುಗಿಯ ಅಕ್ಕನಲ್ಲವೇ ಎಂದು ಕೇಳತೊಡಗಿದರು. ಹೌದು ಎನ್ನುವುದಕ್ಕೂ ನನಗೆ ಹೊತ್ತು ಹಿಡಿಯುತ್ತಿತ್ತು.

ಆ ಕಾಲದಲ್ಲೇ ರಾಂಪುರದಿಂದ ನನ್ನನ್ನು ನೋಡಲು ಬಂದರು. ಹುಡುಗನಿಗೆ ಬೀಜ-ಗೊಬ್ಬರದ ಅಂಗಡಿ. ಇದಕ್ಕೆ ಮುಂಚೆ ಒಂದು ಮನೆಯವರು ನನ್ನನ್ನು ನೋಡಲು ಬಂದು ತಂಗಿಯನ್ನು ಕೇಳಿದ್ದರು. ಅದಕ್ಕೇ ಅವ್ವ ಈ ಸಲ ಅವಳನ್ನು ಗೆಳತಿಯ ಮನೆಗೆ ಸಾಗಹಾಕಿದ್ದಳು. ಎಲ್ಲ ಸರಿಯಾಗಿತ್ತು. ನಾನು ಕಾಫಿ ಕೊಟ್ಟು ಕೂತೆ. ಅಷ್ಟರಲ್ಲಿ ಪಕ್ಕದ ಮನೆಯವರು ಟೀವಿ ಹಾಕಿದರು. ಮಧ್ಯಾಹ್ನವೇ ರೆಕಾರ್ಡ್ ಮಾಡಿಟ್ಟಿದ್ದ ಸುದ್ದಿ. ಕಿಟಕಿಯಿಂದ ತಂಗಿಯ ದನಿ ನಮ್ಮ ನಡುಮನೆಗೆ ನುಗ್ಗಿ ಬಂತು. ಹುಡುಗನ ತಾಯಿ ಕಾಫಿ ಲೋಟ ಕೆಳಗಿಟ್ಟು, ಎಷ್ಟು ಸ್ಪಷ್ಟವಾಗಿ ಓದುತ್ತಾಳೆ, ಯಾರದು ಎಂದು ಕೇಳಿದಳು. ಅವ್ವ ತಿಂಡಿಯ ತಟ್ಟೆಯನ್ನು ಆಕೆಯ ಮುಂದಕ್ಕೆ ಸರಿಸಿದಳು. ಅಪ್ಪನಿಗೆ ತಡೆಯಲಾಗಲಿಲ್ಲ. ನಮ್ಮ ಚಿಕ್ಕ ಮಗಳು ಎಂದುಬಿಟ್ಟ.

ಹುಡುಗ ಮಾತ್ರ ಕಿಟಕಿಯ ಕಡೆ ತಿರುಗಲಿಲ್ಲ. ನನ್ನನ್ನು ನೋಡಿ, “ನಿಮಗೆ ಮಾತು ಸ್ವಲ್ಪ ನಿಧಾನ ಅಂತ ಹೇಳಿದ್ರು. ನನಗೇನು ಅವಸರ ಇಲ್ಲ. ನಿಮಗೆ ಒಪ್ಪಿಗೆ ಐತಾ ಹೇಳ್ರಿ,” ಎಂದ. ನಾನು ಒಪ್ಪಿಗೆ ಎನ್ನಲು ಹೊರಟೆ. ಆ ಮಾತು ಸಿಕ್ಕಿಕೊಂಡಿತು. ಪಕ್ಕದ ಮನೆಯಲ್ಲಿ ತಂಗಿ ಶೇಂಗಾ ಧಾರಣೆ ಓದಿದಳು, ಹತ್ತಿ ಧಾರಣೆ ಓದಿದಳು, ಈರುಳ್ಳಿ ಧಾರಣೆಗೂ ಬಂದಳು. ಅವನು ಕೂತೇ ಇದ್ದ. ಮಾತನ್ನು ಮುಗಿಸಿಕೊಡಲು ಬರಲಿಲ್ಲ, ತಲೆ ಆಡಿಸಿ ಸಾಕು ಬಿಡಿ ಎನ್ನಲಿಲ್ಲ. ಕೊನೆಗೂ “ಒಪ್ಪಿಗೆ” ಎಂದೆ. ನನ್ನ ಮದುವೆಯಾಯಿತು.

ಆದರೂ ಹೊಟ್ಟೆಕಿಚ್ಚು ಹೋಗಲಿಲ್ಲ. ಒಂದು ದಿನ ತವರಿಗೆ ಬಂದಾಗ ಗಂಡ ಊಟ ಮಾಡುತ್ತ, ನಿನ್ನ ತಂಗಿಯ ದನಿ ನಿಜಕ್ಕೂ ಚೆನ್ನಾಗಿದೆ ಎಂದು ಸಹಜವಾಗಿ ಹೇಳಿದ. ನಾನು ಎರಡು ದಿನ ಅವನ ಹತ್ತಿರ ಮಾತಾಡಲಿಲ್ಲ. ಪಾಪ, ಅವನಿಗೆ ಅದು ಎರಡನೆಯ ದಿನವಷ್ಟೇ ಗೊತ್ತಾಯಿತು.

ಆ ದಶಕದ ಕೊನೆಯಲ್ಲಿ ಆ ಬೇಸಿಗೆಯಲ್ಲಿ ಇನ್ನೂ ಮಾತು ಬಾರದ ಕೂಸಾಗಿದ್ದ ಸೋದರಮಾವನ ಮಗಳ ಮದುವೆಗೆಂದು, ತವರಿಗೆ ಬಂದಿದ್ದ ನಾನೂ ತಂಗಿಯೂ ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಬಸ್ಸಿನಲ್ಲಿ ಹೊರಟಿದ್ದೆವು. ಕೇಬಲ್ಲಿನ ಸುದ್ದಿ ಅಷ್ಟರಲ್ಲಿ ನಿಂತುಹೋಗಿತ್ತು. ತಂಗಿ ಬೇರೆ ಕೆಲಸವಿಲ್ಲದೆ ಮನೆಯಲ್ಲೇ ಇದ್ದಳು. ದಾರಿಯಲ್ಲಿ ಬಸ್ಸಿನ ಟೈರು ಪಂಕ್ಚರಾಯಿತು. ಎಲ್ಲರೂ ಇಳಿದು ನೆರಳು ಹುಡುಕಿದರು. ನಾವು ಒಂದು ಬೇವಿನ ಮರದ ಕೆಳಗೆ ಕೂತೆವು. ಕುದಾಪುರದ ಕಡೆ ಹುಲ್ಲುಗಾವಲಿನಲ್ಲಿ ಏನೋ ದೊಡ್ಡ ಸಂಸ್ಥೆಗಳು ಬರುತ್ತವಂತೆ ಎಂದು ಬಸ್ಸಿನವರು ಮಾತಾಡಿಕೊಳ್ಳುತ್ತಿದ್ದರು.

ಸುದ್ದಿ ಓದುವುದು ನಿಂತದ್ದಕ್ಕೆ ಬೇಸರವೇ ಎಂದು ನಾನು ಕೇಳಿದೆ. ಕೇಳಿ ಮುಗಿಸಲು ಹೊತ್ತಾಯಿತು, ಅವಳು ಆ ದಿನ ಕಾದಳು. ಆಮೇಲೆ ಹೇಳಿದಳು.

“ಇಲ್ಲ ಕಣೆ. ಯಾರೋ ಬರೆದಿದ್ದು ಓದ್ತಿದ್ದೆ. ಅದಕ್ಕೂ ಮುಂಚೆ ಮೇಷ್ಟ್ರು ಬರ್ಕೊಟ್ಟಿದ್ದು. ಅದಕ್ಕೂ ಮುಂಚೆ ನೀನು ಕಿವಿಯಾಗೆ ಹೇಳಿದ್ದು. ನನ್ನ ಬಾಯಾಗೆ ಯಾವತ್ತೂ ಬೇರೆಯವರ ಮಾತೇ. ನಿನ್ನ ಕಂಡ್ರೆ ನನಗೆ ಎಷ್ಟು ಹೊಟ್ಟೆ ಉರೀತಿತ್ತು ಗೊತ್ತಾ? ಅಷ್ಟೊಂದು ಮಾತು ಇವಳಿಗೆ ಎಲ್ಲಿಂದ ಬರ್ತಾವೆ ಅಂತ.” ಮತ್ತೆ ಹೇಳಿದಳು, “ಭಾವ ನಿನ್ನ ಮಾತಿಗೆ ಕಾಯ್ತಾರೆ. ನಾನು ನಿಲ್ಲಿಸಿದ್ರೆ ಯಾರೂ ಕಾಯಲ್ಲ. ಇನ್ನೊಬ್ಬರು ಶುರು ಮಾಡ್ತಾರೆ.”

ಅವಳ ಕಣ್ಣು ಒದ್ದೆಯಾಗಿತ್ತು. ನಾನು ಅವಳ ಕೈ ಹಿಡಿದುಕೊಂಡೆ. ಅವಳಿಗೂ ನನ್ನ ಹಾಗೆ ಸುಡುತ್ತಿತ್ತು ಎಂದು ತಿಳಿದು ನನಗೆ ಹಗುರಾದದ್ದು ನಿಜ. ಒಳಗೊಳಗೆ ಸಂತೋಷವೂ ಆಯಿತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಆದರೆ ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ನನ್ನ ಹೊಟ್ಟೆಕಿಚ್ಚನ್ನು ಇಷ್ಟು ವರ್ಷ ಒಂದು ವಾಕ್ಯದಲ್ಲೂ ನಾನು ಯಾರಿಗೂ ಹೇಳಲಾಗಿರಲಿಲ್ಲ. ಇವಳು ತನ್ನದನ್ನು ಬೇವಿನ ಮರದ ಕೆಳಗೆ ಕೂತು, ಎಲ್ಲೂ ತಡೆಯದೆ, ಎಷ್ಟು ಚೆನ್ನಾಗಿ ಹೇಳಿಬಿಟ್ಟಳು.

ನನ್ನದನ್ನೂ ಹೇಳಬೇಕೆಂದುಕೊಂಡೆ. ಶುರುವನ್ನೂ ಮಾಡಿದೆ. ಅಷ್ಟರಲ್ಲಿ ಕಂಡಕ್ಟರು ಸೀಟಿ ಊದಿದ, ಎಲ್ಲರೂ ಬಸ್ಸಿನ ಕಡೆಗೆ ಓಡಿದರು. ನನಗೆ ಹಿಂದೆ ಸೀಟು ಸಿಕ್ಕಿತು, ತಂಗಿಗೆ ಮುಂದೆ, ಯಾರೋ ವಯಸ್ಸಾದ ಹೆಂಗಸಿನ ಪಕ್ಕದಲ್ಲಿ. ಇಂಜಿನ್ನಿನ ಸದ್ದಿನಲ್ಲೂ ಅವಳ ಮಾತು ನನಗೆ ಕೇಳುತ್ತಿತ್ತು. ಆ ಹೆಂಗಸು ಮೊದಲು ಬರೀ ಹೂಂ ಎನ್ನುತ್ತಿದ್ದಳು, ಆಮೇಲೆ ನಗತೊಡಗಿದಳು. ಮೊಳಕಾಲ್ಮೂರಿನಲ್ಲಿ ಇಳಿಯುವಾಗ ತಂಗಿಯ ಕೈ ಹಿಡಿದು, ಮದುವೆ ಮುಗಿಸಿಕೊಂಡು ನಮ್ಮ ಮನೆಗೆ ಬಂದೇ ಹೋಗಬೇಕು ಎಂದು ಒತ್ತಾಯ ಮಾಡುತ್ತಿದ್ದಳು. ಎರಡೂ ಚೀಲಗಳನ್ನು ಹೊತ್ತುಕೊಂಡು ನಾನು ಅವರ ಮಾತು ಮುಗಿಯಲೆಂದು ಬಿಸಿಲಲ್ಲಿ ನಿಂತಿದ್ದೆ.